ಕೈಕಾಲು ಏಳದ ದಿನ ಮನೆಯಲ್ಲಿ: ಗಂಜಿ, ಕೌದಿ, ರೇಡಿಯೊ

ಜ್ವರ ಬಿಟ್ಟಿರುತ್ತದೆ. ಥರ್ಮಾಮೀಟರ್ ನೋಡಿದರೆ 98 ಇದೆ. ಆದರೂ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಕೆಲವೊಮ್ಮೆ ಜ್ವರವೂ ಇರುವುದಿಲ್ಲ. ಮದುವೆ ಮನೆ ಓಡಾಟ ಮುಗಿಸಿ ಬಂದ ಮಾರನೇ ದಿನ, ರಾತ್ರಿ ಪಾಳಿಯ ವಾರ ಮುಗಿದ ಬೆಳಗು, ಮುಟ್ಟಿನ ಎರಡನೇ ದಿನ. ಕಾರಣ ಏನೇ ಇರಲಿ, ‘ಇವತ್ತು ನನ್ನ ಕೈಲಾಗಲ್ಲ’ ಅಂತ ಮೈ ಹೇಳುವ ದಿನ ಎಲ್ಲರಿಗೂ ಬರುತ್ತದೆ, ಅಲ್ವಾ?

ಕಳೆದ ವರ್ಷ ಪುಷ್ಯ ಮಳೆ ಹೊತ್ತಿಗೆ ನನಗೆ ವೈರಲ್ ಜ್ವರ ಬಂತು. ಐದು ದಿನಕ್ಕೆ ಜ್ವರ ಇಳಿಯಿತು, ಸುಸ್ತು ಮಾತ್ರ ಹತ್ತು ದಿನ ಹೋಗಲಿಲ್ಲ. ಅದರಲ್ಲಿ ಮೊದಲ ನಾಲ್ಕು ದಿನ ನಾನು ಬಹಳ ಕೆಟ್ಟದಾಗಿ ಕಳೆದೆ. ನಾಲ್ಕು ಪಾತ್ರೆ ತೊಳೆದು ಮಲಗುವುದು. ಮಲಗಿ ಮೊಬೈಲ್ ನೋಡುವುದು. ನೋಡುತ್ತಾ ನೋಡುತ್ತಾ ಬಟ್ಟೆ ಹಾಗೇ ಬಿದ್ದಿದೆಯಲ್ಲ ಅಂತ ಕೊರಗುವುದು. ಎದ್ದು ಎರಡು ಬಟ್ಟೆ ಹಿಂಡಿ ಮತ್ತೆ ಮಲಗುವುದು. ಕೆಲಸವೂ ಆಗಲಿಲ್ಲ, ಆರಾಮವೂ ಸಿಗಲಿಲ್ಲ. ಐದನೇ ದಿನ ಊರಿಂದ ದೊಡ್ಡಮ್ಮ ಫೋನ್ ಮಾಡಿದರು. ಎಲ್ಲ ಕೇಳಿಸಿಕೊಂಡು, “ಮಲಗದಾದ್ರೆ ಸಮಾ ಮಲಗು ಮಾರಾಯ್ತಿ. ಅರ್ಧಂಬರ್ಧ ಎಂತಕ್ಕೆ?” ಅಂದರು.

ಆ ಒಂದು ಮಾತು ನನಗೆ ತುಂಬ ಉಪಯೋಗಕ್ಕೆ ಬಂತು. ಉಳಿದ ದಿನಗಳಲ್ಲಿ ನಾನು ಹಿಡಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಸುಸ್ತಿನ ದಿನ ಹಾಳಾಗುವುದು ಸುಸ್ತಿನಿಂದ ಅನ್ನುವುದಕ್ಕಿಂತ ಈ ಅರ್ಧಂಬರ್ಧದಿಂದಲೇ ಜಾಸ್ತಿ. ಅದನ್ನು ತೆಗೆದು ಹಾಕಿದರೆ ದಿನದೊಳಗೆ ಎಷ್ಟೊಂದು ಸಣ್ಣ ಖುಷಿಗಳಿಗೆ ಜಾಗ ಆಗುತ್ತದೆ.

ಮೊದಲು ‘ಇವತ್ತು ಇಲ್ಲ’ ಪಟ್ಟಿ ಬರೆಯಿರಿ

ಹಾಸಿಗೆಯಲ್ಲಿ ಕೂತೇ ಇದನ್ನು ಮಾಡಬಹುದು. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ಇವತ್ತು ಯಾವ ಯಾವ ಕೆಲಸ ಮಾಡುವುದಿಲ್ಲ ಅಂತ ಒಂದೊಂದಾಗಿ ಬರೆಯಿರಿ. ಬಟ್ಟೆ ಇಲ್ಲ. ನೆಲ ಒರೆಸುವುದು ಇಲ್ಲ. ಬ್ಯಾಂಕಿನ ಕೆಲಸ ಇಲ್ಲ. ಫ್ರಿಜ್ ಒಳಗೆ ಚೊಕ್ಕ ಮಾಡುವುದು ಇಲ್ಲ. ತಲೆಯೊಳಗೆ ಗಿರಕಿ ಹೊಡೆಯುತ್ತಿರುವುದನ್ನೆಲ್ಲ ಹಾಳೆಗೆ ಇಳಿಸಿ, ಆ ಹಾಳೆಯನ್ನು ಮಡಿಸಿ ದಿಂಬಿನ ಕೆಳಗೋ ಡಬ್ಬದ ಅಡಿಯಲ್ಲೋ ಇಡಿ. ನಾಳೆ ಅದು ಅಲ್ಲೇ ಇರುತ್ತದೆ.

ಆಮೇಲೆ ಮನೆಯವರಿಗೆ ಬಾಯಿಬಿಟ್ಟು ಹೇಳಿ. ಇದನ್ನು ಬಹಳ ಜನ ಮಾಡುವುದಿಲ್ಲ, ಹೆಂಗಸರಂತೂ ಮಾಡುವುದೇ ಇಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳಲಿ ಅಂತ ಕಾಯುತ್ತೇವೆ. “ಇವತ್ತು ಅಡುಗೆಗೆ ಗಂಜಿ ಮಾತ್ರ. ಬಟ್ಟೆ ನಾಳೆ. ಹಾಲು ನೀನು ತಂದುಬಿಡು” ಅಂತ ಮೂರು ವಾಕ್ಯ ಹೇಳಿದರೆ ಆಯಿತು. ಕೆಲಸಕ್ಕೆ ಹೋಗುವವರು ಆಫೀಸಿಗೂ ಬೆಳಿಗ್ಗೆಯೇ ಒಂದು ಮೆಸೇಜ್ ಹಾಕಿ. ಹತ್ತು ಗಂಟೆವರೆಗೆ ನೋಡೋಣ ಅಂತ ಮುಂದೆ ಹಾಕಿದರೆ ಆ ಎರಡು ಗಂಟೆಯೂ ಮನಸ್ಸು ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಹಾಗಾದರೆ ಏನು ಉಳಿಯಿತು? ಸ್ನಾನ, ಊಟ, ಕೈಗೊಂದು ಪುಟ್ಟ ಕೆಲಸ. ಮೂರೇ.

ಒಂದು ಜಾಗ ಮಾಡಿಕೊಳ್ಳಿ

ಮಂಚದ ಮೇಲೆ ಇಡೀ ದಿನ ಬಿದ್ದುಕೊಂಡರೆ ಸಂಜೆಗೆ ಬೆನ್ನು ನೋಯುತ್ತದೆ, ರಾತ್ರಿ ನಿದ್ದೆಯೂ ಬರುವುದಿಲ್ಲ. ಹಗಲಿಗೆ ಬೇರೆ ಜಾಗ ಇರಲಿ. ಕಿಟಕಿ ಪಕ್ಕ ಒಂದು ಚಾಪೆ, ಅದರ ಮೇಲೆ ಹಾಸಿಗೆ, ಗೋಡೆಗೆ ಎರಡು ದಿಂಬು. ಕೈಗೆಟಕುವಷ್ಟು ದೂರದಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಫ್ಲಾಸ್ಕಿನಲ್ಲಿ ಬಿಸಿನೀರು, ಲೋಟ, ಕನ್ನಡಕ, ಮಾತ್ರೆ, ಒಂದು ಪುಸ್ತಕ. ಪದೇ ಪದೇ ಏಳುವುದನ್ನು ಉಳಿಸುವುದೇ ಇಲ್ಲಿ ಮುಖ್ಯ. ಸುಸ್ತಾದ ಮೈಗೆ ಹತ್ತು ಸಲ ಎದ್ದು ಕೂರುವುದು ಅಂದರೆ ಒಂದು ದೊಡ್ಡ ಕೆಲಸವೇ.

ಹೊದೆಯಲು ಕೌದಿ ಇದ್ದರೆ ಅದನ್ನೇ ತೆಗೆಯಿರಿ. ನಮ್ಮ ಮನೆಯಲ್ಲಿ ಒಂದಿದೆ. ಧಾರವಾಡದ ಕಡೆಯ ಗೆಳತಿಯೊಬ್ಬಳ ತಾಯಿ ಹೊಲಿದುಕೊಟ್ಟದ್ದು. ಎಷ್ಟೋ ವರ್ಷ ಹೊದ್ದಿದ್ದೇನೆ, ಆದರೆ ಅದನ್ನು ಸರಿಯಾಗಿ ನೋಡಿದ್ದು ಆ ಜ್ವರದ ದಿನಗಳಲ್ಲೇ. ನಡುವೆ ಒಂದು ಇಳಕಲ್ ಸೀರೆಯ ತುಂಡು, ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಅದರ ಪಕ್ಕ ನೀಲಿ ಗೆರೆಯ ಅಂಗಿ ಬಟ್ಟೆ. ಅಂಗಿಯ ಗುಂಡಿ ತೂತು ಹಾಗೇ ಇದೆ, ಅದರ ಮೇಲೇ ದಾರ ಹಾದು ಹೋಗಿದೆ. ಒಂದು ಮೂಲೆಯಲ್ಲಿ ಶಾಲೆ ಸಮವಸ್ತ್ರದ ಖಾಕಿ. ಇಡೀ ಕೌದಿಯ ಮೇಲೆ ಬಿಳಿ ದಾರದ ಓಟದ ಹೊಲಿಗೆ, ಸಾಲು ಸಾಲಾಗಿ. ಒಂದು ಸಾಲಿಂದ ಇನ್ನೊಂದಕ್ಕೆ ಒಂದು ಬೆರಳು ಅಂತರ. ಕೆಲವು ಕಡೆ ಸಾಲು ಸ್ವಲ್ಪ ಬಾಗಿದೆ. ಅಲ್ಲಿ ಅವರು ಕಾಲು ಬದಲಿಸಿ ಕೂತಿರಬೇಕು. ಬೆರಳಿಂದ ಆ ಸಾಲು ಹಿಡಿದು ಹೋಗುತ್ತಾ ಹೋಗುತ್ತಾ ಅರ್ಧ ಗಂಟೆ ಕಳೆದದ್ದು ಗೊತ್ತಾಗಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೂ ಇದೇ ಜಾತಿಯದು. ಅವರು ಅಂಚಿನಿಂದ ಹೊಲಿಯಲು ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಪುಟ್ಟ ಮುಕ್ಕೋನೆ ಬಟ್ಟೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು ಮುಗಿಸುತ್ತಾರೆ. ಅದಕ್ಕೆ ಫುಲ ಅನ್ನುತ್ತಾರೆ, ಹೂವು ಅಂತ. ಫುಲ ಇಲ್ಲದ ಕವಂದಿ ಅವರ ಕಣ್ಣಿಗೆ ಬೋಳು. ನಿಮ್ಮ ಮನೆಯಲ್ಲಿ ಕೌದಿ ಇಲ್ಲದಿದ್ದರೆ ಅಮ್ಮನ ಹಳೇ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದ್ದುಕೊಳ್ಳಿ. ಒಗೆದು ಒಗೆದು ಮೆತ್ತಗಾದ ಹತ್ತಿಯಷ್ಟು ಹಿತ ಯಾವ ಹೊಸ ಬ್ಲಾಂಕೆಟ್ಟೂ ಕೊಡುವುದಿಲ್ಲ.

ಮೊಬೈಲನ್ನು ಪಕ್ಕದ ಕೋಣೆಯಲ್ಲಿ ಇಡಿ. ರಿಂಗ್ ಜೋರಾಗಿರಲಿ, ಯಾರಾದರೂ ಫೋನ್ ಮಾಡಿದರೆ ಕೇಳಿಸುತ್ತದೆ. ಇಷ್ಟೇ ಸಾಕು.

ಕೂತುಕೊಂಡೇ ಸ್ನಾನ

ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳಬೇಡಿ. ಒಂಬತ್ತು, ಹತ್ತು ಗಂಟೆಯೊಳಗೆ ಮುಗಿಸಿದರೆ ಉಳಿದ ದಿನಕ್ಕೆ ಒಂದು ಹದ ಬರುತ್ತದೆ. ಮೊದಲು ಅಂಗಾಲಿಗೆ ಮತ್ತು ಮೊಣಕಾಲಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಳ್ಳಿ, ಕೂತೇ ಮೀಯಿರಿ. ನೀರು ಹದವಾಗಿ ಬೆಚ್ಚಗಿರಲಿ. ಜ್ವರದಿಂದ ಎದ್ದವರು ಸುಡುಸುಡು ನೀರು ಹೊಯ್ದುಕೊಂಡು ಥಟ್ಟನೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಎಣ್ಣೆ ಕಾಲು ಜಾರುವುದೂ ಉಂಟು, ಹಾಗಾಗಿ ಸ್ಟೂಲಿಂದ ಏಳುವ ಮೊದಲೇ ಅಂಗಾಲಿಗೆ ಕಡಲೆಹಿಟ್ಟೋ ಸೋಪೋ ಹಾಕಿ ತೊಳೆದುಬಿಡಿ. ಚಿಲಕ ಹಾಕಬೇಡಿ, ಬಾಗಿಲು ಸುಮ್ನೆ ಮುಂದಕ್ಕೆ ಹಾಕಿದರೆ ಸಾಕು.

ಮೈ ಒರೆಸಿಕೊಂಡು ಒಗೆದ ಬಟ್ಟೆ ಹಾಕಿಕೊಳ್ಳಿ. ಬಿಸಿಲಿದ್ದರೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಹದಿನೈದು ನಿಮಿಷ ಬೆನ್ನು ಕೊಟ್ಟು ಕೂತುಕೊಳ್ಳಿ. ಬೆನ್ನಿಗೆ ಬಿಸಿಲು ಬಿದ್ದಾಗ ಭುಜ ತಾನಾಗಿ ಇಳಿಯುತ್ತದಲ್ಲ, ಅದನ್ನು ಗಮನಿಸಿ.

ಗಂಜಿ: ಇದಕ್ಕೆ ಮಾತ್ರ ಸಮಯ ಕೊಡಿ

ಗಂಜಿಯನ್ನು ರೋಗಿಯ ಊಟ ಅಂತ ನೋಡುವವರಿದ್ದಾರೆ. ಕರಾವಳಿಯಲ್ಲಿ ಗಟ್ಟಿಮುಟ್ಟಾದವರೂ ದಿನಾ ಉಣ್ಣುತ್ತಾರೆ, ಇಷ್ಟಪಟ್ಟು ಉಣ್ಣುತ್ತಾರೆ. ಹದ ಗೊತ್ತಿದ್ದರೆ ಗಂಜಿಯಷ್ಟು ಕಡಿಮೆ ಕೆಲಸದ, ಅಷ್ಟು ತೃಪ್ತಿ ಕೊಡುವ ಊಟ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಒಬ್ಬರಿಗೆ ಕಾಲು ಲೋಟ ಅಕ್ಕಿ, ಎರಡು ಲೋಟ ನೀರು. ಅಂದರೆ ಒಂದಕ್ಕೆ ಎಂಟು. ಸೋನಾ ಮಸೂರಿಯಾದರೆ ಕುಕ್ಕರಿನಲ್ಲಿ ನಾಲ್ಕೈದು ವಿಷಲ್. ಕುಚ್ಚಲಕ್ಕಿಯಾದರೆ ಹಿಂದಿನ ರಾತ್ರಿಯೇ ನೆನೆಸಿಡಿ, ಬೆಂಕಿ ಸಣ್ಣ ಮಾಡಿ ಇನ್ನೂ ಜಾಸ್ತಿ ಹೊತ್ತು ಬೇಯಿಸಿ. ಕುಕ್ಕರು ತಾನಾಗಿ ತಣಿಯುವವರೆಗೆ ಮುಚ್ಚಳ ತೆಗೆಯಬೇಡಿ. ಅವಸರ ಮಾಡಿ ಆವಿ ಬಿಟ್ಟರೆ ಗಂಜಿ ನೀರು ಮೇಲೆ ಉಕ್ಕಿ ಒಲೆಯೆಲ್ಲ ಅಂಟು, ಆಮೇಲೆ ಅದನ್ನು ಒರೆಸುವ ಕೆಲಸ ಬೇರೆ. ಅಗುಳನ್ನು ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಚುಕ್ಕೆ ಸಿಗಬಾರದು. ಉಪ್ಪು ಕೊನೆಗೆ. ತಣಿದಂತೆಲ್ಲ ಗಂಜಿ ಗಟ್ಟಿಯಾಗುತ್ತದೆ, ಫ್ಲಾಸ್ಕಿನ ಬಿಸಿನೀರು ಅದಕ್ಕೂ ಆಯಿತು.

ಬಟ್ಟಲಿಗೆ ಬಡಿಸಿಕೊಂಡು ಮೇಲೆ ಅರ್ಧ ಚಮಚ ತುಪ್ಪ ಹಾಕಿ. ತುಪ್ಪ ಕರಗಿ ಹಳದಿ ಚುಕ್ಕೆಗಳಾಗಿ ಬಿಳಿ ತಿಳಿಯ ಮೇಲೆ ಓಡಾಡುವುದನ್ನು ಒಂದು ಗಳಿಗೆ ನೋಡಿ. ಬದಿಗೆ ಒಂದು ಮಾವಿನ ಮಿಡಿ. ಕಚ್ಚಿದಾಗ ಕಟಕ್ ಅನ್ನಬೇಕು. ಜ್ವರದಲ್ಲಿ ನಾಲಿಗೆಯ ರುಚಿ ಸತ್ತಿರುತ್ತದಲ್ಲ, ಅದನ್ನು ಮೊದಲು ಎಬ್ಬಿಸುವುದೇ ಈ ಮಿಡಿಯ ಹುಳಿ. ಹಲಸಿನ ಹಪ್ಪಳ ಇದ್ದರೆ ಎಣ್ಣೆಗೆ ಹಾಕಬೇಡಿ, ಕೆಂಡದ ಮೇಲೋ ಗ್ಯಾಸ್ ಉರಿಯ ಮೇಲೋ ಇಕ್ಕಳದಲ್ಲಿ ಹಿಡಿದು ಸುಡಿ.

ಬಯಲುಸೀಮೆಯವರಿಗೆ ರಾಗಿ ಅಂಬಲಿಯೇ ಇದೆ. ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಎರಡು ಲೋಟ ನೀರಿಗೆ ಹೊಯ್ದು ಕೈಬಿಡದೆ ತಿರುಗಿಸಿ. ಐದಾರು ನಿಮಿಷಕ್ಕೆ ಹಸಿ ವಾಸನೆ ಹೋಗಿ ಹೊಳಪು ಬರುತ್ತದೆ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ.

ಗಂಜಿ ಜೊತೆ ಇನ್ನೊಂದು ಏನಾದರೂ ಬೇಕು ಅನ್ನಿಸಿದರೆ ದೊಡ್ಡಪತ್ರೆ ತಂಬುಳಿ ಮಾಡಿ. ಇದನ್ನೇ ಸಾಂಬ್ರಾಣಿ ಸೊಪ್ಪು ಅನ್ನುತ್ತಾರೆ. ಎಂಟು ಹತ್ತು ಎಲೆ ಕೊಯ್ದು, ಚೂರು ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ. ಎಲೆ ಬಾಡಿ ಬಣ್ಣ ತಿರುಗುವಾಗ ಅಡುಗೆಮನೆಯೆಲ್ಲ ಘಮ ಅನ್ನುತ್ತದೆ, ಓಮದ ಹಾಗೆ. ಎರಡು ಚಮಚ ಕಾಯಿತುರಿ ಸೇರಿಸಿ ರುಬ್ಬಿ, ಒಂದು ಲೋಟ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ. ಕುದಿಸುವ ಹಾಗಿಲ್ಲ. ಸಾಸಿವೆ ಒಗ್ಗರಣೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಎಲೆ ಕೊಯ್ಯುವಾಗ ಒಂದು ಗೇಣಿನಷ್ಟು ಉದ್ದದ ಕಡ್ಡಿಯನ್ನೂ ಮುರಿದು ತನ್ನಿ, ಸಂಜೆಗೆ ಬೇಕಾಗುತ್ತದೆ.

ಒಂದು ಮಾತು. ಊಟದ ಹೊತ್ತಿಗೆ ಟಿವಿ ಬೇಡ. ಗಂಜಿಯ ರುಚಿ ಬಹಳ ಮೆತ್ತಗಿನದು. ಗಮನ ಬೇರೆ ಕಡೆ ಇದ್ದರೆ ನಾಲಿಗೆಗೆ ಸಿಗುವುದೇ ಇಲ್ಲ.

ಎಚ್ಚರ ಬೇಕಾದದ್ದು

ಮುಂದೆ ಹೋಗುವ ಮೊದಲು ಇದನ್ನು ಹೇಳಲೇಬೇಕು. ಎಲ್ಲ ಸುಸ್ತೂ ಮಲಗಿದರೆ ಹೋಗುವಂಥದ್ದಲ್ಲ. ಡೆಂಗಿ ಬಂದಿದ್ದರೆ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ ಕಾಲ. ಆಗ ಜೋರಾದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ತೀರಾ ಮಂಕು ಕಂಡರೆ ಕೌದಿ ಹೊದ್ದು ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಎರಡು ವಾರ ಕಳೆದರೂ ಸುಸ್ತು ಕಡಿಮೆಯಾಗದಿದ್ದರೆ, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ, ಸುಮ್ಮಸುಮ್ಮನೆ ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ಇವುಗಳಲ್ಲಿ ಯಾವುದೋ ಒಂದು ಏರುಪೇರಾಗಿದ್ದು ನಾವು ‘ಸೋಮಾರಿತನ’ ಅಂತ ನಮ್ಮನ್ನೇ ಬೈದುಕೊಳ್ಳುತ್ತಾ ಇರುತ್ತೇವೆ.

ಮೈಗಿಂತ ಮನಸ್ಸೇ ಸೋತಿದ್ದರೆ, ಯಾವುದರಲ್ಲೂ ಇಷ್ಟ ಹುಟ್ಟದೆ ವಾರಗಟ್ಟಲೆ ಕಳೆದಿದ್ದರೆ, 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಮಧ್ಯಾಹ್ನದ ನಿದ್ದೆಗೆ ಒಂದು ಅಳತೆ

ಊಟವಾದ ಮೇಲೆ ಕಣ್ಣು ಎಳೆಯುತ್ತದೆ. ಮಲಗಿ, ಆದರೆ ಅಲಾರಂ ಇಟ್ಟುಕೊಳ್ಳಿ. ಇಪ್ಪತ್ತೈದು ನಿಮಿಷ. ಅರ್ಧ ಗಂಟೆ ದಾಟಿದರೆ ನಿದ್ದೆ ಆಳಕ್ಕೆ ಇಳಿಯುತ್ತದೆ, ಅಲ್ಲಿಂದ ಎದ್ದರೆ ತಲೆ ಭಾರ, ಸಂಜೆಯೆಲ್ಲ ಮಬ್ಬು. ಮೂರು ಗಂಟೆಯ ಮೇಲೆ ಮಲಗಿದರೆ ರಾತ್ರಿ ನಿದ್ದೆಗೆ ಕಲ್ಲು. ಜ್ವರ ಬಿಟ್ಟ ಮೊದಲೆರಡು ದಿನ ಮಾತ್ರ ಈ ಲೆಕ್ಕ ಬೇಡ, ಮೈ ಕೇಳಿದಷ್ಟು ಹೊತ್ತು ಮಲಗಿ.

ನಿದ್ದೆ ಬರದಿದ್ದರೂ ಪರವಾಗಿಲ್ಲ. ಕಣ್ಣು ಮುಚ್ಚಿ ಮನೆಯ ಸದ್ದು ಎಣಿಸಿ. ಪಕ್ಕದ ಮನೆಯ ಕುಕ್ಕರ್, ತೆಂಗಿನ ಗರಿಗೆ ಬೀಳುವ ಮಳೆ, ಸೊಪ್ಪು ಮಾರುವವರ ಕೂಗು, ದೂರದಲ್ಲಿ ಒಂದು ಗಾರೆ ಕೆಲಸ. ಏಳೆಂಟು ಸದ್ದು ಎಣಿಸುವಷ್ಟರಲ್ಲಿ ನನಗೆ ಹೆಚ್ಚಾಗಿ ಜೋಂಪು ಹತ್ತಿಬಿಡುತ್ತದೆ.

ರೇಡಿಯೊ ಹಚ್ಚಿ

ಎದ್ದ ಮೇಲೆ ರೇಡಿಯೊ. ಮೊಬೈಲಿನಲ್ಲಿ ಸಾವಿರ ಹಾಡು ಇರುವಾಗ ರೇಡಿಯೊ ಯಾಕೆ ಅಂತ ಮಗಳು ಕೇಳಿದಳು. ಸುಸ್ತಾದ ದಿನ ಆರಿಸುವುದೇ ಒಂದು ಕೆಲಸ. ಯಾವ ಹಾಡು, ಯಾವ ಸಿನಿಮಾ, ಇದು ಬೇಡ, ಮುಂದಿನದು. ಆರಿಸಿ ಆರಿಸಿಯೇ ತಲೆ ದಣಿಯುತ್ತದೆ. ರೇಡಿಯೊದಲ್ಲಿ ಆರಿಸುವ ಕೆಲಸ ಬೇರೆ ಯಾರದೋ. ಮರೆತೇ ಹೋಗಿದ್ದ ಹಾಡೊಂದು ತಾನಾಗಿ ಬರುತ್ತದೆ, ನಾವು ಕಾಯದೆ ಇದ್ದಾಗ ಬರುತ್ತದೆ. ಆ ಖುಷಿಯೇ ಬೇರೆ.

ಬೆಂಗಳೂರಿನಲ್ಲಿ ವಿವಿಧ ಭಾರತಿ ಎಫ್‌ಎಂ 102.9ರಲ್ಲಿ ಸಿಗುತ್ತದೆ. ರೇಡಿಯೊ ಪೆಟ್ಟಿಗೆ ಇಲ್ಲದವರು, ಹೊರದೇಶದಲ್ಲಿ ಇರುವವರು ಪ್ರಸಾರ ಭಾರತಿಯ ಆ್ಯಪಿನಲ್ಲಿ ನಮ್ಮ ಆಕಾಶವಾಣಿ ಕೇಂದ್ರಗಳನ್ನು ಕೇಳಬಹುದು. ಹಚ್ಚಿ, ಮೊಬೈಲನ್ನು ಮಗುಚಿ ಇಟ್ಟುಬಿಡಿ. ಆಕಾಶವಾಣಿ ಅನ್ನುವ ಹೆಸರಿಗೂ ನಮ್ಮ ಮೈಸೂರಿಗೂ ನಂಟಿದೆ. 1935ರಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ಶುರುಮಾಡಿದ್ದರು. ಆ ಕೇಂದ್ರಕ್ಕಿದ್ದ ಹೆಸರೇ ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಒಂದು ಮನೆಯಿಂದ ಹೊರಟ ದನಿ ಇನ್ನೊಂದು ಮನೆಯ ಕಿಟಕಿ ಪಕ್ಕ ಮಲಗಿದವರಿಗೆ ಕೇಳಿಸುವುದು ಅಂದರೆ ನನಗೆ ಈಗಲೂ ಬೆರಗು.

ಕೈಗೊಂದು ಕೆಲಸ, ಅರ್ಧ ಗಂಟೆ

ನಾಲ್ಕರ ಹೊತ್ತಿಗೆ ಮೈ ಸ್ವಲ್ಪ ಹಗುರಾಗಿರುತ್ತದೆ. ಇಲ್ಲೇ ಜನ ತಪ್ಪು ಮಾಡುವುದು. ‘ಈಗ ಸರಿ ಇದ್ದೇನಲ್ಲ’ ಅಂತ ಎದ್ದು ಬಟ್ಟೆ ಒಗೆಯಲು ಹೋಗುತ್ತಾರೆ, ರಾತ್ರಿಗೆ ಮತ್ತೆ ನೆಲ ಹಿಡಿಯುತ್ತಾರೆ. ದಿಂಬಿನ ಕೆಳಗಿನ ಹಾಳೆ ಅಲ್ಲೇ ಇರಲಿ. ಕೂತಲ್ಲೇ ಆಗುವ, ನಡುವೆ ಬಿಟ್ಟರೂ ಹಾಳಾಗದ, ಕಣ್ಣಿಗೆ ಕಾಣುವ ಒಂದು ಕೆಲಸ ಆರಿಸಿ.

ನಾನು ಆರಿಸಿದ್ದು ಕೌದಿಯ ಬಿಚ್ಚಿದ ಅಂಚು. ದಪ್ಪ ಬಿಳಿ ದಾರ ಎರಡೆಳೆ, ದೊಡ್ಡ ಕಣ್ಣಿನ ಸೂಜಿ. ಹಳೇ ಹೊಲಿಗೆ ಎಲ್ಲಿ ಕಡಿದಿದೆಯೋ ಅದಕ್ಕಿಂತ ಎರಡಂಗುಲ ಹಿಂದಿನಿಂದ ಶುರುಮಾಡಬೇಕು, ಆಗ ಹಳೆಯದೂ ಹೊಸದೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹೊಲಿಗೆ ಅಕ್ಕಿಕಾಳಿನಷ್ಟು ಉದ್ದ. ಸೂಜಿಯಲ್ಲಿ ಮೂರ್ನಾಲ್ಕು ಹೊಲಿಗೆ ಒಟ್ಟಿಗೆ ತುಂಬಿಕೊಂಡು ಒಮ್ಮೆಗೇ ಎಳೆಯಬಹುದು. ಬಿಗಿಯಾಗಿ ಎಳೆದರೆ ಬಟ್ಟೆ ಸುಕ್ಕಾಗುತ್ತದೆ. ಆ ದಿನ ನಾನು ಹೊಲಿದದ್ದು ಒಂದು ಮೊಳವೂ ಇಲ್ಲ. ನನ್ನ ಸಾಲು ಆ ತಾಯಿಯ ಸಾಲಿನ ಪಕ್ಕದಲ್ಲೇ ಇದೆ ಅನ್ನುವುದು ಮನಸ್ಸಿಗೆ ತುಂಬ ಹಿತವಾಗಿತ್ತು.

ಹೊಲಿಗೆ ಬಾರದವರು ಬೆಳ್ಳುಳ್ಳಿ ಸುಲಿಯಬಹುದು. ಹೂ ಕಟ್ಟಬಹುದು: ಬಾಳೆನಾರನ್ನು ನೀರಲ್ಲಿ ನೆನೆಸಿಟ್ಟರೆ ಕಡಿಯದೆ ಬಾಗುತ್ತದೆ. ಗುಂಡಿ ಡಬ್ಬದ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಬಹುದು. ಅಟ್ಟದಲ್ಲಿ ಅಳಗುಳಿಮಣೆ ಇದ್ದರೆ ಯಾರಿಗಾದರೂ ಹೇಳಿ ಇಳಿಸಿಕೊಳ್ಳಿ. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕು ಹುಣಸೆಬೀಜ. ಶಾಲೆ ಬಿಟ್ಟು ಬಂದ ಮಕ್ಕಳು ತಾವಾಗಿಯೇ ಎದುರು ಬಂದು ಕೂರುತ್ತಾರೆ. ಬೀಜ ಗುಳಿಗೆ ಬೀಳುವ ಆ ಟಕ್ ಟಕ್ ಸದ್ದು ಕೇಳಲೆಂದೇ ನಾನು ಕೆಲವು ಸಲ ಒಬ್ಬಳೇ ಆಡುತ್ತೇನೆ.

ಒಬ್ಬರಿಗೆ ಫೋನ್

ಒಬ್ಬರಿಗೆ ಮಾತ್ರ. ಅದೂ ಸಲಹೆ ಕೊಡದವರಿಗೆ. “ಆ ಕಷಾಯ ಕುಡಿ, ಈ ಮಾತ್ರೆ ತಗೋ” ಅನ್ನುವವರು ಬೇರೆ ದಿನಕ್ಕಿರಲಿ. ನಾನು ದೊಡ್ಡಮ್ಮನಿಗೆ ಮಾಡುತ್ತೇನೆ. ಅಡಿಕೆಗೆ ಕೊಳೆ ಬಂತಾ, ಎಮ್ಮೆ ಕರು ಹಾಕಿತಾ, ಮಳೆ ಎಷ್ಟು, ಇಷ್ಟೇ ಮಾತು. ಹತ್ತು ನಿಮಿಷ. ಇಟ್ಟ ಮೇಲೆ ಊರಿಗೆ ಹೋಗಿ ಬಂದಷ್ಟು ಸಮಾಧಾನ.

ದೀಪ ಹಚ್ಚುವ ಹೊತ್ತಿಗೆ

ಸಂಜೆ ಟ್ಯೂಬ್‌ಲೈಟ್ ಹಾಕಬೇಡಿ, ಸಣ್ಣ ದೀಪ ಸಾಕು. ರಾತ್ರಿಗೆ ಮಧ್ಯಾಹ್ನದ ಗಂಜಿಯೇ ಬಿಸಿ ಮಾಡಿದರೆ ಆಯಿತು. ನಾಳೆಗೂ ಗಂಜಿ ಬೇಕಾದರೆ ಕುಚ್ಚಲಕ್ಕಿ ನೆನೆಹಾಕಿ. ಹಾಳೆಯನ್ನು ಇನ್ನೂ ತೆಗೆಯಬೇಡಿ, ಅದು ಬೆಳಿಗ್ಗೆ ನೋಡುವ ವಿಷಯ.

ಆಮೇಲೆ ಆ ದೊಡ್ಡಪತ್ರೆ ಕಡ್ಡಿ. ಕೆಳಗಿನ ಎರಡು ಜೊತೆ ಎಲೆ ಚಿವುಟಿ ತೆಗೆಯಿರಿ. ಗಾಜಿನ ಲೋಟಕ್ಕೆ ಎರಡು ಬೆರಳಿನಷ್ಟು ನೀರು ಹಾಕಿ, ಎಲೆ ಕಿತ್ತ ಗೆಣ್ಣು ಮುಳುಗುವಂತೆ ಕಡ್ಡಿ ನಿಲ್ಲಿಸಿ. ನೇರ ಬಿಸಿಲು ಬೀಳದ ಕಿಟಕಿಯಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಕಡ್ಡಿ ಕೊಳೆಯುತ್ತದೆ. ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಹೊರಡುತ್ತದೆ. ಬೇರು ಒಂದಂಗುಲ ಆದಾಗ ಕುಂಡಕ್ಕೆ ಹಾಕಿ. ಅಷ್ಟು ಹೊತ್ತಿಗೆ ಕುಂಡ ಎತ್ತಿಡುವಷ್ಟು ಶಕ್ತಿ ಕೈಗೂ ಬಂದಿರುತ್ತದೆ.